ನಮ್ಮನೆಯವರು ಆರಿಸಿದ ಡಾಕ್ಟ್ರು

ಆ ಮಾತು ಕಿವಿಗೆ ಬಿದ್ದಾಗ ಅವಳ ಕೈಯಲ್ಲಿ ಕತ್ತರಿಯಿತ್ತು. ಯಾರದೋ ಮನೆಯ ಕಿಟಕಿಗೆ ಹೊಲಿದು ಕೊಡಬೇಕಾದ ಪರದೆಯ ನೀಲಿ ಬಟ್ಟೆ ನೆಲದ ತುಂಬ ಹರಡಿತ್ತು.

ಅಡುಗೆಮನೆಯಲ್ಲಿ ಅವಳ ಗಂಡ ತನ್ನ ಅಕ್ಕನ ಜೊತೆ ಫೋನಿನಲ್ಲಿದ್ದ. "ಇಬ್ಬರು ಮಕ್ಕಳಿಗೂ ಕೆಮ್ಮು ಅಕ್ಕ. ಬೇರೆ ಡಾಕ್ಟ್ರು ಯಾಕೆ? ನಮ್ಮನೆಯವರು ಆರಿಸಿದ ಡಾಕ್ಟ್ರಿದಾರಲ್ಲ, ಅಲ್ಲಿಗೇ ಕರ್ಕೊಂಡು ಹೋಗ್ತೀನಿ."

ಕತ್ತರಿ ಗೆರೆ ಬಿಟ್ಟು ಓರೆಯಾಗಿ ಓಡಿತು.

ಅವಳು ಅವನಿಗೆ ಯಾವ ಡಾಕ್ಟರನ್ನೂ ಆರಿಸಿ ಕೊಟ್ಟಿರಲಿಲ್ಲ. ಆರಿಸಿದವಳು ಅವನ ಮೊದಲ ಹೆಂಡತಿ. ಅವಳು ತೀರಿಕೊಂಡು ವರ್ಷಗಳಾಗಿದ್ದವು. ಇವಳು ಮದುವೆಯಾಗಿ ಬಂದದ್ದು ಮೊನ್ನೆ ಮೊನ್ನೆ. ಅವನ ಮಗಳು ಗುಬ್ಬಿ, ಇವಳ ಮಗಳು ಇರುವೆ, ಎರಡೂ ಆಗಲೇ ಒಂದೇ ಮಂಚದಲ್ಲಿ ಒದ್ದಾಡಿಕೊಂಡು ಮಲಗುವಷ್ಟು ಒಂದಾಗಿದ್ದವು. ದೊಡ್ಡವರು ಮಾತ್ರ ಇನ್ನೂ "ನೀವು", "ನೀವು" ಎನ್ನುತ್ತ, ಲೋಟ ಕೊಡುವಾಗ ಬೆರಳು ತಾಕಿದರೆ ಬೆಚ್ಚುತ್ತ ಓಡಾಡುತ್ತಿದ್ದರು.

ಅವನು ಬಂದು ಬಾಗಿಲಲ್ಲಿ ನಿಂತ. ಲಿಫ್ಟ್ ರಿಪೇರಿ ಮಾಡುವವನು. ಯಾವ ಬಾಗಿಲಲ್ಲಿ ನಿಂತರೂ ಒಂದು ಕಾಲು ಅಡ್ಡ ಇಡುವುದು ಅವನ ರೂಢಿ. "ಯಾಕೆ, ಏನಾಯ್ತು?"

"ನಮ್ಮನೆಯವರು ಅಂದ್ರೆ ಯಾರು?"

"ಆಂ?"

"ಈ ಮನೇಲಿ ನಾನೇನು ಬಾಡಿಗೆಗಿದ್ದೀನಾ?"

ಅವನ ಕಿವಿಯ ತುದಿ ಕೆಂಪಾಯಿತು. "ಬಾಯಿಗೆ ಹಾಗೇ ಬಂದ್ಬಿಡ್ತು. ಅಭ್ಯಾಸ."

"ನಾನು ಯಾವಾಗ ಅಭ್ಯಾಸ ಆಗ್ತೀನೋ ಹೇಳಿಬಿಡಿ. ಅಲ್ಲೀವರೆಗೂ ಹೊರಗಡೆ ಕೂತಿರ್ತೀನಿ."

"ಒಬ್ಬ ಡಾಕ್ಟ್ರ ವಿಷಯಕ್ಕೆ ಇಷ್ಟೊಂದಾ?"

"ಮಗೂನ ಯಾರ ಕೈಗೆ ಕೊಡೋದು ಅನ್ನೋದು ಸಣ್ಣ ವಿಷಯಾನಾ? ಇರುವೆಗೆ ನಾನು ಸ್ಟಿಕ್ಕರ್ ಡಾಕ್ಟ್ರನ್ನ ಗೊತ್ತು ಮಾಡಿದ್ದೀನಿ. ನಗ್ತಾ ಮಾತಾಡ್ತಾರೆ, ಕೆನ್ನೆಗೆ ನಕ್ಷತ್ರ ಅಂಟಿಸಿ ಕಳಿಸ್ತಾರೆ."

"ನಕ್ಷತ್ರ ಅಂಟಿಸಿದ್ರೆ ಕೆಮ್ಮು ಹೋಗುತ್ತಾ?"

"ಬೈದ್ರೆ ಹೋಗುತ್ತಾ?"

ಅವನ ಡಾಕ್ಟರಮ್ಮನಿಗೆ ಅವಳು ಇಟ್ಟ ಹೆಸರು ಗುಡುಗಮ್ಮ. ಇರುವೆ ಹಸುಗೂಸಾಗಿದ್ದಾಗ ಒಮ್ಮೆ ಅಲ್ಲಿಗೆ ಹೋಗಿದ್ದಳು. "ಇದರಪ್ಪ ಎಲ್ಲಿ? ಅವನಿಗೆ ಬಿಡುವಿಲ್ವಾ?" ಎಂದು ಆಕೆ ಎಲ್ಲರೆದುರು ಗದರಿದ್ದರು. ಅಪ್ಪ ಎನಿಸಿಕೊಂಡವನು ಆ ವಾರವಷ್ಟೇ ಬಟ್ಟೆಬರೆ ಕಟ್ಟಿಕೊಂಡು ಹೋಗಿದ್ದ. ಅವಳು ಮಗುವಿನ ಟೋಪಿಯಲ್ಲಿ ಕಣ್ಣೊರೆಸಿಕೊಂಡು ಮನೆಗೆ ಬಂದಿದ್ದಳು. ಇದನ್ನು ಈ ಗಂಡನಿಗೆ ಹೇಳಿರಲಿಲ್ಲ. ಹೇಳಲು ಮಾನ ಅಡ್ಡ ಬಂದಿತ್ತು.

"ಸರಿ, ನಡೀರಿ," ಎಂದಳು. "ಇವತ್ತೊಂದಿನ ಬರ್ತೀನಿ. ಆಯಮ್ಮ ಒಂದು ಮಾತು ಹೆಚ್ಚಿಗೆ ಆಡಲಿ, ಇರುವೇನ ಎತ್ಕೊಂಡು ಸೀದಾ ನಮ್ಮಮ್ಮನ ಮನೆಗೆ ಹೋಗ್ತೀನಿ. ಕರೆಯೋಕೆ ಬರಬೇಡಿ."

ಕ್ಲಿನಿಕ್ ಮೇಲಿನ ಮಹಡಿಯಲ್ಲಿತ್ತು. ಲಿಫ್ಟಿನಲ್ಲಿ ಮಕ್ಕಳು ಎಲ್ಲ ಬಟನ್ನುಗಳಿಗೂ ಕೈ ಚಾಚಿದವು. ಅವನು ಇಬ್ಬರ ಮಣಿಕಟ್ಟನ್ನೂ ಹಿಡಿದ. "ಲಿಫ್ಟು ಆಟದ ಸಾಮಾನಲ್ಲ. ಎಲ್ಲಿಗೆ ಹೋಗಬೇಕೋ ಅದೊಂದೇ ಒತ್ತಬೇಕು."

ಲಿಫ್ಟಿನ ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನು ಹುಡುಕಿತು. ಅವಳು ತಟ್ಟನೆ ಮುಖ ತಿರುಗಿಸಿದಳು. ಈ ಮನುಷ್ಯನಿಗೆ ಇಂಥ ಕಣ್ಣು ಇರಬಾರದಿತ್ತು. ನೆಟ್ಟಗೆ ಜಗಳವಾಡಲೂ ಬಿಡುವುದಿಲ್ಲ.

ಗುಡುಗಮ್ಮ ಮೊದಲು ಗುಬ್ಬಿಯನ್ನು ನೋಡಿದರು. ಆಮೇಲೆ ಇರುವೆಯನ್ನು ಮೇಜಿನ ಮೇಲೆ ಕೂರಿಸಿಕೊಂಡರು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಬಿಸಿಯಾಯಿತೇ ಎಂದು ತಮ್ಮ ಕೆನ್ನೆಗೆ ತಾಗಿಸಿ ನೋಡಿಕೊಂಡು, ಅನಂತರ ಮಗುವಿನ ಎದೆಗಿಟ್ಟರು. ಸ್ಟಿಕ್ಕರ್ ಡಾಕ್ಟರ್ ತಣ್ಣಗಿದ್ದದ್ದನ್ನೇ ಇಡುತ್ತಿದ್ದರು. ಇರುವೆ ಪ್ರತಿಸಲವೂ ಬೆಚ್ಚಿ ಅಳುತ್ತಿತ್ತು. ಇವತ್ತು ಅಳಲಿಲ್ಲ. ಅದು ಕಣ್ಣಿಗೆ ಬಿದ್ದದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಎಷ್ಟು ದಿನದಿಂದ ಕೆಮ್ಮು?"

"ಒಂದು ವಾರ."

"ಒಂದು ವಾರ! ಎದೇಲಿ ಕಫ ಗೊರಗೊರ ಅಂತಿದೆ. ಇಲ್ಲೀವರೆಗೂ ಏನು ಕತ್ತೆ ಕಾಯ್ತಿದ್ರಾ? ಇದರಪ್ಪ ಎಲ್ಲಿ?"

ಅದೇ ಮಾತು. ಅವಳ ಕೈ ಮಗುವಿನ ಕಡೆ ಚಾಚಿತು.

"ಇಲ್ಲೇ ನಿಂತಿದ್ದೀನಿ," ಎಂದ ಅವನು. ಅವನ ದನಿ ಅಷ್ಟು ಏರಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ನಾನೇ ಅಪ್ಪ. ಬೈಯೋದಿದ್ರೆ ನನ್ನನ್ನ ಬೈಯಿರಿ. ನಮ್ಮನೆಯವರನ್ನ ಬೈಬೇಡಿ."

ಡಾಕ್ಟರಮ್ಮ ಕನ್ನಡಕ ಕೆಳಗಿಳಿಸಿದರು. ಅವರಿಗೆ ಮೊದಲ ಹೆಂಡತಿಯ ಪರಿಚಯವಿತ್ತು. "ನಿಮ್ಮನೆಯವರು...?"

"ಹೌದು, ಇವರೇ." ಅವನು ಒಂದು ಕಂಕುಳಿಗೆ ಗುಬ್ಬಿಯನ್ನೂ ಇನ್ನೊಂದಕ್ಕೆ ಇರುವೆಯನ್ನೂ ಏರಿಸಿಕೊಂಡು ದಡದಡ ಹೊರಟೇಹೋದ.

ಕೋಣೆಯಲ್ಲಿ ಉಳಿದದ್ದು ಇಬ್ಬರು ಹೆಂಗಸರು.

"ಔಷಧಿ ಬರೆಸ್ಕೊಳ್ದೆ ಹೋದ್ರಲ್ಲಮ್ಮ," ಎಂದರು ಗುಡುಗಮ್ಮ. ಗುಡುಗು ಅರ್ಧಕ್ಕಿಳಿದಿತ್ತು.

"ನಮ್ಮನೆಯವರಿಗೆ ಸ್ವಲ್ಪ ಕೋಪ ಜಾಸ್ತಿ," ಎಂದಳು ಅವಳು. ಹೇಳಿದ ಮೇಲೆ ಆ ಪದ ನಾಲಿಗೆಯ ಮೇಲೆ ಬೆಚ್ಚಗೆ ಕೂತಿತ್ತು. "ನನಗೆ ಅವರಿಗಿಂತ ಜಾಸ್ತಿ. ಮಗೂನ ಚೆನ್ನಾಗಿ ನೋಡ್ತೀರಿ, ಇಲ್ಲ ಅನ್ನಲ್ಲ. ಆದ್ರೆ ಇದರಪ್ಪ ಎಲ್ಲಿ ಅಂತ ಯಾರನ್ನೂ ಎಲ್ಲರೆದುರಿಗೆ ಕೇಳಬೇಡಿ ಡಾಕ್ಟ್ರೇ. ಕೆಲವರ ಹತ್ರ ಉತ್ತರ ಇರಲ್ಲ."

ಡಾಕ್ಟರಮ್ಮ ತಲೆ ಎತ್ತದೆ ಔಷಧಿ ಬರೆದರು. ಚೀಟಿ ಕೊಡುವಾಗ ಮಾತ್ರ, "ಕೇಳಲ್ಲ. ವಾರ ಬಿಟ್ಟು ತೋರಿಸಿ," ಎಂದರು.

"ಇಬ್ಬರನ್ನೂ ಕರ್ಕೊಂಡು ಬರ್ತೀನಿ."

ಅವನು ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ಕಾಯುತ್ತಿದ್ದ. ಮುಖ ಇನ್ನೂ ಕೆಂಡ. "ಇನ್ಮೇಲೆ ಸ್ಟಿಕ್ಕರ್ ಡಾಕ್ಟ್ರೇ. ಆಯ್ತಾ?"

"ಆಗಲ್ಲ. ಚೀಟಿ ಬಿಟ್ಟು ಬರೋ ಗಂಡಸರು ಡಾಕ್ಟ್ರನ್ನ ಆರಿಸಬಾರದು. ಗುಡುಗಮ್ಮನೇ ಇರಲಿ. ಈ ಸಲ ಆರಿಸಿದ್ದು ನಾನು."

ಅವನು ಕಣ್ಣು ಬಿಟ್ಟು ನೋಡುತ್ತ ನಿಂತ. ಆ ಸಂದಿನಲ್ಲಿ ಮಕ್ಕಳು ಎಲ್ಲ ಬಟನ್ನುಗಳನ್ನೂ ಒತ್ತಿಬಿಟ್ಟವು. ಅವನು ಬೈಯಲಿಲ್ಲ.

"ಒಳಗೆ ಹೇಳಿದ್ರಲ್ಲ, ಇನ್ನೊಂದ್ಸಲ ಹೇಳಿ," ಎಂದಳು, ಮುಖ ಗಂಟಿಕ್ಕಿಕೊಂಡೇ.

"ಬೈಬೇಡಿ ಅಂದಿದ್ದಾ?"

"ಅದಕ್ಕೆ ಮುಂಚಿನ ಪದ."

ಒಂದು ಮಹಡಿ ಇಳಿಯುತ್ತಲೇ ಬಾಗಿಲು ತೆರೆಯಿತು, ಯಾರೂ ಇರಲಿಲ್ಲ, ಮುಚ್ಚಿತು. ಅವನು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ. ಅವಳ ಕೈಯಲ್ಲಿದ್ದ ಚೀಟಿ ಮುದುರಿತು.

"ನಿಮ್ಮ ಮೊದಲಿನವರಿಗೆ ಆರಿಸೋಕೆ ಬರ್ತಿತ್ತು ಬಿಡಿ," ಎಂದಳು, ಕನ್ನಡಿಯಲ್ಲಿ ಅವನ ಕಣ್ಣು ನೋಡುತ್ತ.

"ಡಾಕ್ಟ್ರನ್ನಾ?"

"ಡಾಕ್ಟ್ರನ್ನೂ."