ಕಂಬದ ಬಾಯಾರಿಕೆ

"ಕೊರೆಯುವುದಾದರೆ ಕೊರೆದುಕೋ. ನಿನ್ನ ಎಂಜಲು ಮಾತ್ರ ಆ ಕಂಬಕ್ಕೆ ತಾಗಬಾರದು."

ಹವೇಲಿಯ ಒಡತಿ, ಮುದುಕಿ ಕಾಶೀಬಾ, ಗುಜರಾತಿಯಲ್ಲಿ ಹೇಳಿದ್ದನ್ನು ಸಹೋದ್ಯೋಗಿ ಪಟ್ಟಾಭಿರಾಮ ತಗ್ಗಿದ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿದ. ಭೀಮಸೇನ ನಕ್ಕುಬಿಟ್ಟ. ಮುದುಕಿ ನಗಲಿಲ್ಲ. ಮಡಿಲಲ್ಲಿದ್ದ ಬೀಗದ ಕೈಗಳ ಗೊಂಚಲನ್ನು ಬಿಗಿಯಾಗಿ ಹಿಡಿದು, ಹೊಸ್ತಿಲಿನಿಂದಾಚೆ ಒಂದು ಹೆಜ್ಜೆಯನ್ನೂ ಇಡದೆ ನಿಂತೇ ಇದ್ದಳು.

ಅದು ಅರವತ್ತಾರನೆಯ ಇಸವಿಯ ಬೇಸಿಗೆ. ಅಹಮದಾಬಾದಿನ ಹಳೆಯ ಪೇಟೆಯ ಆ ಇಕ್ಕಟ್ಟು ಓಣಿಯಲ್ಲಿ ಬಿಸಿಲು ಕಲ್ಲನ್ನು ಕಾಯಿಸುತ್ತಿತ್ತು. ಹವೇಲಿಯ ಒಳಗೆ ಹಾಡಹಗಲೇ ಕತ್ತಲು. ಬಾವಲಿಗಳ ಹಿಕ್ಕೆ, ಕಮಟು ಎಣ್ಣೆ, ವರ್ಷಗಟ್ಟಲೆ ಗಾಳಿ ಕಾಣದ ಧೂಳು ಎಲ್ಲವೂ ಬೆರೆತ ವಾಸನೆ ಗಂಟಲಿಗೆ ಅಂಟುತ್ತಿತ್ತು. ಸುತ್ತಲಿನ ಕಂಬಗಳ ಮೈತುಂಬ ಗಿಳಿ, ಬಳ್ಳಿ, ಆನೆಗಳ ಕೆತ್ತನೆ. ನಡುಮನೆಯ ಈ ಒಂದು ಕಂಬ ಮಾತ್ರ ಬೋಳು. ಆಳೆತ್ತರದಲ್ಲಿ ಅದರ ಸುತ್ತ ಕಬ್ಬಿಣದ ಮೊಳೆಗಳನ್ನು ಜಡಿದಿದ್ದರು. ಮೊಳೆಯಿಂದ ಮೊಳೆಗೆ ಕಪ್ಪುಗಟ್ಟಿದ ದಾರ ಸುತ್ತಿತ್ತು.

ಭೀಮಸೇನ ಧಾರವಾಡದವನು. ಡೆಹರಾಡೂನಿನಲ್ಲಿ ಮರದ ಶಾಸ್ತ್ರ ಕಲಿತು, ಈ ಊರಿನ ಸಂಶೋಧನಾಲಯವೊಂದಕ್ಕೆ ಹೊಸದಾಗಿ ಬಂದಿದ್ದ. ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ. ಒಳ್ಳೆಯ ಮಳೆಗೆ ಅಗಲವಾದದ್ದು, ಬರಕ್ಕೆ ಕೂದಲೆಳೆಯಂಥದ್ದು. ಆ ಅಗಲ-ಕಿರಿದುಗಳ ವರಸೆಯನ್ನು ಒಂದು ಮರದಿಂದ ಇನ್ನೊಂದಕ್ಕೆ ಹೊಂದಿಸುತ್ತ ಹೋದರೆ ಕಾಲವೇ ಮೊಳಕೋಲಿಗೆ ಸಿಕ್ಕಂತೆ. ಉಧ್ನಾ ಜಂಕ್ಷನ್ನಿನಲ್ಲಿ ಬಂದಿಳಿಯುವ ಹಸಿ ತೇಗದ ದಿಮ್ಮಿಯಿಂದ ಹಿಡಿದು, ಸುರತ್ತಿನ ಹಳೆಯ ಹಡಗುಗಳ ತೊಲೆ, ಇಲ್ಲಿಯ ಹವೇಲಿಗಳ ಕಂಬ, ಕೊನೆಗೆ ಉತ್ಖನನದ ಮಣ್ಣಿನಲ್ಲಿ ಸಿಕ್ಕ ಮರದವರೆಗೆ ಒಂದೇ ಸರಪಳಿ ಹೆಣೆಯಬೇಕೆಂಬುದು ಅವನ ಹಂಬಲ. ನಡುವಿನ ಒಂದು ಕೊಂಡಿ ಸಿಕ್ಕಿರಲಿಲ್ಲ. ಅದು ಈ ಕಂಬದಲ್ಲಿದೆಯೆಂದು ಅವನಿಗೆ ಅನ್ನಿಸಿತ್ತು.

ಟೊಳ್ಳು ಬೈರಿಗೆಯನ್ನು ಕಂಬಕ್ಕೆ ಒತ್ತಿ ತಿರುವಿದ. ಮರ ಕಿರುಗುಟ್ಟಿತು. ಒಣ ತೇಗದ ಘಾಟು ಬರಬೇಕಾದಲ್ಲಿ, ಬಹಳ ದಿನ ನೀರು ಕಾಣದ ಬಾಯಿಯ ವಾಸನೆ ಬಂತು. ಬೈರಿಗೆಯ ಹೊಟ್ಟೆಯಿಂದ ಪೆನ್ಸಿಲ್ಲಿನಷ್ಟು ದಪ್ಪದ ಮರದ ಕಡ್ಡಿ ಜಾರಿ ಅಂಗೈಗೆ ಬಿತ್ತು. ಉಂಗುರಗಳು ಮಸುಕಾಗಿದ್ದವು. ಮರ ಒದ್ದೆಯಾದರೆ ಗೆರೆಗಳು ಎದ್ದು ಕಾಣುತ್ತವೆ. ಕಾಡಿನಲ್ಲಿ ಮರ ಕೊರೆಯುವಾಗ ನೀರೆಲ್ಲಿ ಹುಡುಕುವುದು? ಈ ಕಸುಬಿನವರೆಲ್ಲ ನಾಲಿಗೆಯನ್ನೇ ಬಳಸುತ್ತಾರೆ.

ಪಟ್ಟಾಭಿರಾಮ ಕೈ ಅಡ್ಡ ಹಿಡಿದ. "ಬೇಡ ಕಣಯ್ಯಾ. ಆಕೆ ಅಷ್ಟು ಹೇಳ್ತಿದಾಳೆ. ನೀರು ತರಿಸ್ತೀನಿ, ತಡಿ."

"ಏನಪಾ, ನೀನೂ ಅಂಜಿದಿ?" ಎಂದ ಭೀಮಸೇನ, ಮುದುಕಿಗೆ ಕಾಣುವಂತೆಯೇ ಕಡ್ಡಿಯನ್ನು ತುದಿಯಿಂದ ತುದಿಗೆ ನೆಕ್ಕಿದ. ಎಂಜಲಾದ ಹೆಬ್ಬೆರಳನ್ನು ಕಂಬದ ತೂತಿನ ಬಾಯಿಗೂ ಒರೆಸಿದ.

ಕಾಶೀಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಒಳಗೆಲ್ಲೋ ಬಾವಲಿಗಳು ಒಮ್ಮೆಗೇ ಎದ್ದು ಹಾರಿದವು.

ಅಂದು ಸಂಜೆಯೇ ಭೀಮಸೇನನ ನಾಲಿಗೆ ಅಂಗುಳಕ್ಕೆ ಅಂಟತೊಡಗಿತು. ನವರಂಗಪುರದ ಬಾಡಿಗೆ ಮನೆಯಲ್ಲಿ ಅವನೊಬ್ಬನೇ ಇದ್ದ. ಹೆಂಡತಿ ನಾಗವೇಣಿ ವಡೋದರೆಯ ಮಂಜಲ್‌ಪುರದಲ್ಲಿದ್ದ ಅಣ್ಣನ ಮನೆಗೆ ಹೋಗಿದ್ದಳು. ಹೂಜಿಯ ನೀರನ್ನು ಗಟಗಟನೆ ಕುಡಿದ. ನೀರು ಗಂಟಲಿಗೆ ಇಳಿಯಿತು, ಬಾಯಿ ನೆನೆಯಲಿಲ್ಲ. ರುಚಿ ಬೂದಿಯಂತಿತ್ತು. ಮರುದಿನ ಮೊಸರು ಬೂದಿ, ಮಾವಿನಹಣ್ಣೂ ಬೂದಿ. ವೈದ್ಯರು ಬಿಸಿಲಿನ ಝಳವೆಂದು ಗ್ಲೂಕೋಸ್ ಬರೆದುಕೊಟ್ಟರು.

ಅವನನ್ನು ನಿಜವಾಗಿ ಬೆವರಿಸಿದ್ದು ಪ್ರಯೋಗಾಲಯದ ಮೇಜಿನ ಮೇಲಿದ್ದ ಆ ಕಡ್ಡಿ. ಅದು ಒದ್ದೆಯಾಗಿತ್ತು. ಒರೆಸಿಟ್ಟರೆ ಮತ್ತೆ ಜಿನುಗುತ್ತಿತ್ತು. ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದ. ಯಾವ ಕಾಲಕ್ಕೋ ಕಡಿದು ಕಂಬವಾದ ಮರದ ಹೊರ ಅಂಚಿನಲ್ಲಿ ಒಂದು ಹೊಸ ಉಂಗುರ. ಎಳೆಯದು. ಬಿಳಿಚಿದ್ದು. ತೇವ ಹೀರಿ ಮರ ಹಿಗ್ಗಿರಬೇಕೆಂದು ತನಗೆ ತಾನೇ ಹೇಳಿಕೊಂಡ. ಮರುದಿನ ಅದರ ಪಕ್ಕದಲ್ಲಿ ಇನ್ನೊಂದು ಉಂಗುರವಿತ್ತು. ಬಾಯಿ ಒಣಗಿದಷ್ಟೂ ಮರ ಬೆಳೆಯುತ್ತಿತ್ತು. ಬನ್ಸನ್ ಜ್ವಾಲೆಗೆ ಹಿಡಿದ. ಕಡ್ಡಿ ಹೊತ್ತಿಕೊಳ್ಳದೆ ಚುಂಯ್‌ಗುಟ್ಟಿತು. ಆವಿಯಲ್ಲಿ ಅವನದೇ ಉಸಿರಿನ ವಾಸನೆಯಿತ್ತು.

ಕೊನೆಗೆ ಅವನು ಒಬ್ಬನೇ ಕಾಶೀಬಾಳ ಬಾಗಿಲಿಗೆ ಹೋದ. ಅವನ ತುಟಿಗಳನ್ನು ನೋಡಿದ ಕೂಡಲೆ ಅವಳಿಗೆ ಎಲ್ಲವೂ ತಿಳಿಯಿತು. ಅವನನ್ನು ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆಯೇ ಕೂತು, ಹರಕು ಹಿಂದಿಯಲ್ಲಿ, ಸಂತೆಯ ಸುದ್ದಿ ಹೇಳುವಷ್ಟು ನಿರಾಳವಾಗಿ ಹೇಳಿದಳು. ಹಿಂದೆ ದೊಡ್ಡ ಬರ ಬಿದ್ದಾಗ ಈ ಮನೆಯ ಅಂಗಳದಡಿಯ ನೀರುತೊಟ್ಟಿ ಟಾಂಕಾದಲ್ಲಿ ಮಳೆನೀರು ತುಂಬಿತ್ತು. ಯಜಮಾನ ಅದಕ್ಕೆ ಬೀಗ ಹಾಕಿದ್ದ. ಕೊಡ ಹಿಡಿದು ಕಳ್ಳತನದಲ್ಲಿ ಬಂದ ಹೆಂಗಸೊಬ್ಬಳನ್ನು ಆ ಕಂಬಕ್ಕೆ ಕಟ್ಟಿಸಿದ. ಸಾಯುವಾಗ ಅವನ ಮೇಲೆ ಉಗಿಯಲು ಅವಳ ಬಾಯಲ್ಲಿ ಏನೂ ಉಳಿದಿರಲಿಲ್ಲ. ಆಮೇಲೆ ಮನೆಯವರ ಬಾಯಿ ಒಂದೊಂದಾಗಿ ಒಣಗತೊಡಗಿತು. ಯಜಮಾನ ಭೂವೋನನ್ನು, ಅಂದರೆ ಆ ಸೀಮೆಯ ಮಾಟಗಾರನನ್ನು, ಕರೆಸಿದ. ಅವನು ಅವಳ ದಾಹವನ್ನು ಕಂಬದೊಳಗೆ ಕಟ್ಟಿ ಮೊಳೆ ಜಡಿದ. ಯಾರ ಎಂಜಲು ತಾಗುವುದೋ ಅವರನ್ನು ಅದು ಕುಡಿಯುತ್ತದೆ.

"ಬಿಡಿಸಿಕೊಳ್ಳೋದು ಹೇಗೆ?"

"ಬಿಡೋದಿಲ್ಲ. ದಾಟುತ್ತೆ." ಮುದುಕಿ ಅವನ ಮುಖ ನೋಡದೆ ಮುಂದುವರಿಸಿದಳು. "ನಿನ್ನ ಎಂಜಲನ್ನ ಬೇರೆ ಮನುಷ್ಯರು ತಿಂದರೆ ಅವರಿಗೆ ಹೋಗುತ್ತೆ. ಬಾಯಲ್ಲಿ ಪಸೆ ಇರೋ ತನಕ ಮಾತ್ರ. ಪಸೆ ಆರಿತು ಅಂದ್ರೆ ದಾಟಿಸೋಕೆ ಏನೂ ಇರಲ್ಲ. ಮತ್ತೆ, ಬಾಯಿ ಬದಲಾದಷ್ಟೂ ಅದರ ದಾಹ ಜಾಸ್ತಿ. ನಮ್ಮ ಮಾವ ಕೆಲಸದವಳಿಗೆ ದಾಟಿಸಿದ್ರು. ಅರ್ಧ ಲೋಟ ಮಜ್ಜಿಗೆ, ಅಷ್ಟೆ. ನೀನೂ ಯಾರನ್ನಾದ್ರೂ ನೋಡ್ಕೋ, ದೀಕರಾ."

ಮಗನೇ ಎಂದು ಕರೆದ ಆ ದನಿಯಲ್ಲಿ ಕರುಣೆಯ ಎಳೆಯೂ ಇರಲಿಲ್ಲ. ಭೀಮಸೇನ ಓಣಿಯ ಗೋಡೆ ಹಿಡಿದುಕೊಂಡು ನಡೆದ. ಯಾರಿಗೂ ದಾಟಿಸಲಾರೆನೆಂದು ನಿಶ್ಚಯಿಸಿದ. ಆ ಕ್ಷಣವೇ ಅವನಿಗೆ ಹೆಂಡತಿಯ ನೆನಪಾಯಿತು. ನಾಗವೇಣಿ ನಾಳೆ ಬರುವವಳಿದ್ದಳು. ಮದುವೆಯಾದಂದಿನಿಂದ ಅವಳು ಊಟ ಮಾಡುತ್ತಿದ್ದದ್ದು ಗಂಡ ಉಂಡ ತಟ್ಟೆಯಲ್ಲೇ. ಅವಳ ತಾಯಿ, ಅಜ್ಜಿ ಎಲ್ಲರೂ ಹಾಗೆಯೇ ಉಂಡವರು.

ಅವಳು ಬಂದಂದಿನಿಂದ ಮನೆಯಲ್ಲಿ ಹೊಸ ಕಟ್ಟಳೆ ಶುರುವಾಯಿತು. ಭೀಮಸೇನ ತನ್ನ ತಟ್ಟೆಯನ್ನು ತಾನೇ ತೊಳೆದ. ಲೋಟವನ್ನು ಬೂದಿ ಹಾಕಿ ತಿಕ್ಕಿದ. ಉಳಿದ ಅನ್ನವನ್ನು ಕಾಗದದಲ್ಲಿ ಕಟ್ಟಿ ಹೊರಗೆ ಹೂಳಿದ. ನಾಗವೇಣಿ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಹಿಂದೆ ಅವಳ ತೋಳಿಗೆ ತವರಿನವರು ಕಟ್ಟಿದ ತಾಯತವನ್ನು ಕತ್ತರಿಯಿಂದ ಕತ್ತರಿಸಿ ಹಾಕಿದ್ದವನು ಅವನೇ. ಅಂಥವನು ಈಗ ಮಾಟದ ಮಾತನ್ನು ಯಾವ ಬಾಯಿಂದ ಆಡಬೇಕು? ಉಗುಳಿನಿಂದ ಹರಡುವ ಸೋಂಕು, ವೈದ್ಯರೇ ಹೇಳಿದ್ದು ಎಂದುಬಿಟ್ಟ. ಸತ್ಯಕ್ಕಿಂತ ಆ ಸುಳ್ಳೇ ಅವನ ನಾಲಿಗೆಗೆ ಸುಲಭವಾಯಿತು.

"ನಿಮ್ಮ ರೋಗಕ್ಕ ಅಂಜಿ ನಾ ಬ್ಯಾರೆ ತಾಟಿನ್ಯಾಗ ಉಣ್ಣಲೇನ್ರಿ?" ಎಂದಳು ಅವಳು. ಅವನು ತನ್ನ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದ.

ಬರಬರುತ್ತ ಅವನಿಗೆ ಮಾತಾಡುವುದೇ ಕಷ್ಟವಾಯಿತು. ಅಂಗೈಯ ಚರ್ಮ ತೊಗಟೆಯಂತೆ ಬಿರಿಯಿತು. ರೆಪ್ಪೆ ಮುಚ್ಚಿದರೆ ಮರಳು ಉಜ್ಜಿದಂತಾಗುತ್ತಿತ್ತು. ಒಂದು ಬೆಳಿಗ್ಗೆ ಅರ್ಧ ಮಜ್ಜಿಗೆ ಕುಡಿಯುತ್ತಲೇ ಕೆಮ್ಮು ಒತ್ತರಿಸಿ ಬಂದು, ಲೋಟವನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟು ಹೊರಗೆ ಓಡಿದ. ಹಿಂದಿರುಗಿ ನೋಡಿದಾಗ ಲೋಟ ಬೋರಲಾಗಿತ್ತು, ತೊಳೆದಿತ್ತು. ಉಳಿದದ್ದನ್ನು ನಾಗವೇಣಿ ಚೆಲ್ಲಿದಳೆಂದುಕೊಂಡು ಕೆಲಸಕ್ಕೆ ಹೋದ.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಪಟ್ಟಾಭಿರಾಮ ನಿಂಬೆಹಣ್ಣು ಹೆಚ್ಚುತ್ತಿದ್ದ. ಭೀಮಸೇನನ ಬಾಯಲ್ಲಿ ನೀರೂರಿತು.

ಅವನಿಗೆ ನಂಬಿಕೆಯೇ ಬರಲಿಲ್ಲ. ನುಂಗಿದ. ಮತ್ತೆ ಊರಿತು. ಹೂಜಿಯ ನೀರು ಕುಡಿದ; ಬೂದಿಯ ರುಚಿಯಿಲ್ಲ. ನಗು ಉಕ್ಕಿ ಬಂತು. ಎಲ್ಲವೂ ಬಿಸಿಲಿನ ಕಾಟ, ಮನಸ್ಸಿನ ಭ್ರಮೆ ಎಂದು ಪಟ್ಟಾಭಿರಾಮನ ಬೆನ್ನು ತಟ್ಟಿದ. ಹುರುಪಿನಿಂದ ಕಡ್ಡಿಯನ್ನು ಭೂತಗನ್ನಡಿಯ ಕೆಳಗಿಟ್ಟ.

ಅಂಚಿನಲ್ಲಿ ಇನ್ನೊಂದು ಉಂಗುರ ಕಟ್ಟಿತ್ತು. ಉಳಿದೆಲ್ಲಕ್ಕಿಂತ ಅಗಲ. ಅವನು ನೋಡುತ್ತಿರುವಂತೆಯೇ ಅದು ಇನ್ನಷ್ಟು ಅಗಲವಾಯಿತು.

ಅಂದರೆ ಅದು ಇನ್ನೂ ಕುಡಿಯುತ್ತಿತ್ತು. ಅವನನ್ನಲ್ಲ.

ಮಜ್ಜಿಗೆಯ ಲೋಟ!

ಸೈಕಲ್ ಹತ್ತಿದ. ರಸ್ತೆಯ ಡಾಂಬರು ಕರಗಿತ್ತು. ಬಿಸಿಗಾಳಿ ಮುಖಕ್ಕೆ ಬಡಿಯಿತು. ಬೆವರು ಧಾರೆಯಾಗಿ ಇಳಿಯಿತು. ತನ್ನ ಮೈಯಿಂದ ಇಳಿಯುವ ಒಂದೊಂದು ಹನಿಗೂ ಅವನು ಹೇಸಿದ.

ನಾಗವೇಣಿ ಅಡಿಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಕಿಟಕಿ ಮುಚ್ಚಿತ್ತು. ಕತ್ತಲಲ್ಲಿ ಅದೇ ವಾಸನೆ, ಹವೇಲಿಯದು. ಅವಳ ತುಟಿಗಳು ಆಗಲೇ ಸೀಳಿದ್ದವು. ಸೀಳಿನಲ್ಲಿ ರಕ್ತವೂ ಇರಲಿಲ್ಲ. ಸುತ್ತ ಖಾಲಿ ಕೊಡಗಳು ಉರುಳಿದ್ದವು.

ಅವನು ಮೊಣಕಾಲೂರಿ ಎಲ್ಲವನ್ನೂ ಹೇಳಿದ. ಕಂಬ, ನೆಕ್ಕಿದ್ದು, ಮುದುಕಿಯ ಮಾತು, ತಾನು ಆಡಿದ ಸುಳ್ಳು. ಹೇಳಿ, ನಲ್ಲಿಯಿಂದ ಲೋಟಕ್ಕೆ ನೀರು ತುಂಬಿ ಅವಳ ಮುಂದೆ ಹಿಡಿದ. "ಒಂದ ಗುಟುಕು ಕುಡದು ಕೊಡು, ನಾಗೂ. ನಾ ತಿರುಗಿ ತಗೋತೀನಿ."

ಅವಳು ಅರ್ಥವಾಗದವಳಂತೆ ನೋಡಿದಳು. ಅರ್ಥವಾದಾಗ ಲೋಟವನ್ನು ದೂರ ತಳ್ಳಿದಳು.

"ನನ್ನ ಎಂಜಲಾ ನೀವು ಕುಡಿಯೂದಾ?" ದನಿ ಒಣ ಎಲೆ ಉಜ್ಜಿದಂತಿತ್ತು. "ಆ ಪಾಪ ನನ್ನ ಕಡೆಯಿಂದ ಮಾಡಸಬ್ಯಾಡ್ರಿ."

ಬೇಡಿದ. ಕಾಲು ಹಿಡಿದ. ಗದರಿದ. ಅವಳು ಸೆರಗಿನಿಂದ ತುಟಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಅವನಿಗೆ ಸಿಗಬಾರದೆಂದು. ಬಿಸಿಲಿನ ಗೆರೆ ಕಿಟಕಿಯ ಸಂದಿಯಿಂದ ನೆಲದ ಮೇಲೆ ಸರಿಯುತ್ತ ಹೋಯಿತು. ಅವಳ ಬೆರಳುಗಳು ಗಂಟುಗಟ್ಟಿದವು. ಕೆನ್ನೆಯ ಮೇಲೆ ಗೆರೆಗಳು ಮೂಡಿದವು, ಒಂದರ ಪಕ್ಕ ಒಂದು, ಒತ್ತೊತ್ತಾಗಿ. ಉಸಿರು ಕಿರುಗುಟ್ಟಿತು. ಅವನು ತಲೆಯನ್ನು ಗೋಡೆಗೆ ಚಚ್ಚಿಕೊಂಡ. ಹಣೆಯಿಂದ ರಕ್ತ ಸುರಿಯಿತು. ಅದನ್ನು ಕಂಡು ಅವಳು ಸೋತಳು. ಕೈ ಮುಂದೆ ಚಾಚಿದಳು.

ಅವನು ಲೋಟವನ್ನು ಅವಳ ತುಟಿಗೆ ಒತ್ತಿದ. ನೀರು ಅವಳ ಪಸೆಯಾರಿದ ನಾಲಿಗೆ ಮುಟ್ಟಿತು. ಕೆಸುವಿನ ಎಲೆಯ ಮೇಲೆ ಉರುಳುವಂತೆ ಉರುಳಿ ಲೋಟಕ್ಕೇ ಹಿಂತಿರುಗಿತು.

ಅವನು ಲೋಟ ಕಸಿದುಕೊಂಡ. ಅವಳ ತುಟಿ ತಾಗಿದ ಅಂಚಿಗೇ ಬಾಯಿಟ್ಟ. ಕಣ್ಣು ಮುಚ್ಚಿದ. ಬೂದಿಯ ರುಚಿಗಾಗಿ ಕಾದ. ಬರಲಿ ಎಂದು ಬೇಡಿದ. ಒಂದು ಗುಟುಕು. ಇನ್ನೊಂದು. ಕೊನೆಯ ಹನಿಯವರೆಗೂ ಕುಡಿದ.

ನೀರು ಸಿಹಿಯಾಗಿತ್ತು.