ಅಡ್ಡಿಯಿಲ್ರಿ, ಕಾರ್ಯದರ್ಶಿಗಳೇ

ಚಿರಂತ್ ಭೀಮಾತೀರ ಕುದುರೆ ತಳಿ ಸಂಘದ ಕಾರ್ಯದರ್ಶಿಯಾದದ್ದು, ಫೋನಿನಲ್ಲಿ ಮಾತಾಡಲು ಮೆಟ್ಟಿಲಿಗೆ ಹೋಗಿದ್ದಾಗ. ಯಾರೋ ತಮ್ಮ ಕುದುರೆಗೆ ಹೊಟ್ಟೆನೋವು ಎಂದು ಗೋಳಾಡುತ್ತಿದ್ದರು. ಕುದುರೆ ಡಾಕ್ಟರಲ್ಲವೇ, ಧೈರ್ಯ ಹೇಳಿ, ಔಷಧಿ ಹೇಳಿ, ಐದು ನಿಮಿಷ ಬಿಟ್ಟು ಒಳಗೆ ಬಂದರೆ ಇಡೀ ಸಭೆ ಚಪ್ಪಾಳೆ ತಟ್ಟುತ್ತಿದೆ. ಯಾರಿಗಪ್ಪಾ ಎಂದು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

"ಕಂಗ್ರಾಜುಲೇಷನ್ಸ್ ಕಣಪ್ಪಾ," ಎಂದರು ಸೇತುರಾಮಯ್ಯನವರು. ಹದಿನೆಂಟು ವರ್ಷ ಅಧ್ಯಕ್ಷರಾಗಿದ್ದವರು ಅಂದು ಕುರ್ಚಿ ಬಿಡುತ್ತಿದ್ದರು. "ಕುದುರೆ ಕಂಡ್ರೆ ಕಾಲುನೋವು ಅಂತಾರಲ್ಲ, ನನಗೆ ನಿಜವಾಗ್ಲೂ ಬಂದ್ಬಿಡ್ತು. ಎರಡೂ ಮಂಡಿ ಹೋಯ್ತು. ಇನ್ಮೇಲೆ ಹಂಸಾ ಮೇಡಂ ಪ್ರೆಸಿಡೆಂಟು, ನೀನು ಸೆಕ್ರೆಟರಿ."

"ಸಾರ್, ನಾನು ಬಂದಿದ್ದು ಒಂದು ಸರ್ಟಿಫಿಕೇಟ್‌ಗೆ!"

"ಅದಕ್ಕೆ ಸೈನ್ ಹಾಕೋನು ಸೆಕ್ರೆಟರಿನೇ. ನೀನೇ ಹಾಕ್ಕೋ."

ಎಲ್ಲರೂ ನಕ್ಕರು. ಎಲ್ಲರ ನಗು ನಿಂತ ಮೇಲೂ ಒಂದು ನಗು ಮಾತ್ರ ಮೂಲೆಯ ಮೇಜಿನ ಹತ್ತಿರ ಉಳಿದುಕೊಂಡಿತ್ತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸುತ್ತಾ, ತಡೆದಷ್ಟೂ ಉಕ್ಕುವ ನಗು. ಚಿರಂತ್ ಅತ್ತ ನೋಡಿದ. ಅವಳು ಥಟ್ಟನೆ ತಲೆ ತಗ್ಗಿಸಿ ಏನೋ ಬರೆಯತೊಡಗಿದಳು. ಪೆನ್ನಿನ ಕ್ಯಾಪು ಇನ್ನೂ ತೆಗೆದಿರಲಿಲ್ಲ.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಜಯನಗರ ಮೂರನೇ ಬ್ಲಾಕಿನಲ್ಲಿ, ಸೀರೆಗೆ ಫಾಲ್ಸ್ ಹೊಲಿಯುವ ಅಂಗಡಿಯ ಮೇಲಿನ ಎರಡು ಕೋಣೆಯೇ ಸಂಘದ ಆಫೀಸು. ವಿಚಿತ್ರ ಸಂಘ ನೋಡಿ ಅದು. ಕುದುರೆಗಳಿರುವುದು ಐನೂರು ಕಿಲೋಮೀಟರ್ ಆಚೆ, ಬಿಜಾಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲೆ. ಅವುಗಳ ಜಾತಕವಿರುವುದು ಜಯನಗರದ ಬೀರುವಿನಲ್ಲಿ! ಯಾವ ಮರಿಯ ತಾಯಿ ಯಾರು, ಅಜ್ಜಿ ಯಾರು, ಎಲ್ಲವನ್ನೂ ತಳಿ ಪುಸ್ತಕದಲ್ಲಿ ಬರೆದಿಡುತ್ತಿದ್ದವಳು ಆ ನಗುವಿನ ಒಡತಿ ಅನ್ನಪೂರ್ಣ. ಅವಳೂ ಇಂಡಿಯ ಕಡೆಯವಳೇ. ಬಿಟಿಎಂನಲ್ಲಿ ಗೆಳತಿಯ ಜೊತೆ ಬಾಡಿಗೆ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಬಂದು, ಕಣ್ಣೆದುರಿಗಿಲ್ಲದ ಕುದುರೆಗಳ ವಂಶಾವಳಿಯನ್ನು ಬಾಯಿಪಾಠ ಹೇಳುತ್ತಿದ್ದಳು.

ಮೊದಲ ವಾರವೇ ಅವಳು ಹೊಸ ಕಾರ್ಯದರ್ಶಿಯ ಫಾರಂ ವಾಪಸ್ ಕೊಟ್ಟಳು. ಫಾರಂ ಮೇಲೆ ಕುದುರೆಯ ಖಾಲಿ ಚಿತ್ರವಿರುತ್ತದೆ. ಮರಿಯ ಮೈಮೇಲೆ ಎಲ್ಲಿ ಬಿಳಿ ಮಚ್ಚೆ, ಎಲ್ಲಿ ಕೂದಲಿನ ಸುಳಿ ಎಂದು ಡಾಕ್ಟರು ಫೋಟೋ ನೋಡಿ ಗುರುತು ಹಾಕಬೇಕು.

"ಸುಳಿ ಎಡಕ್ಕ ಹಾಕೀರಲ್ರಿ. ಫೋಟೋದಾಗ ಬಲಕ್ಕೈತಿ."

"ಒಂದು ಸುಳಿ ತಾನೇ ಮೇಡಂ, ಆ ಕಡೆ ಆದ್ರೇನು, ಈ ಕಡೆ ಆದ್ರೇನು..."

"ಹಂಗಂದ್ರ ಹೆಂಗ್ರಿ? ನಿಮ್ಮ ತಲಿ ಮ್ಯಾಲ ಎರಡು ಸುಳಿ ಅದಾವು. ನಾನು ಒಂದ ಅಂತ ಬರದ್ರ ಸುಮ್ಮನಿರ್ತೀರೇನು?"

ಚಿರಂತನ ಕೈ ತಾನಾಗಿ ನೆತ್ತಿಗೆ ಹೋಯಿತು. "ಅದನ್ನ ಯಾವಾಗ ನೋಡಿದ್ರಿ?"

"ಬಗ್ಗಿ ಬರಿಯಾಕತ್ತಿದ್ರಲ್ಲ, ಕಂಡ್ವು." ಅವಳು ಕಣ್ಣೆತ್ತಲಿಲ್ಲ, ಆದರೆ ಕೆನ್ನೆಯಲ್ಲಿ ಒಂದು ಗುಳಿ ಮೂಡಿ ಮಾಯವಾಯಿತು. "ಎರಡು ಸುಳಿ ಇದ್ದೋರಿಗೆ ಎರಡು ಮದುವಿ ಅಂತಾರ್ರಿ."

"ಒಂದಕ್ಕೇ ಗತಿಯಿಲ್ಲ!"

"ಹಂಗಾರ ಎರಡೂ ಬಾಕಿ ಅದಾವು," ಎಂದು ಫಾರಂ ಮುಂದೆ ತಳ್ಳಿದಳು.

ಅಂದಿನಿಂದ ಚಿರಂತನಿಗೆ ಸಂಘದ ಮೇಲೆ ಎಲ್ಲಿಲ್ಲದ ಶ್ರದ್ಧೆ ಹುಟ್ಟಿತು. ವಾರಕ್ಕೊಮ್ಮೆ ಬಂದರೆ ಸಾಕಾಗಿದ್ದವನು ದಿನ ಬಿಟ್ಟು ದಿನ ಬಂದ. ಆಮೇಲೆ ಆ ಬಿಡುವ ದಿನವನ್ನೂ ಬಿಟ್ಟ. ಪದ್ಮನಾಭನಗರದ ಮನೆಯಲ್ಲಿ ಅವನ ತಾಯಿ ಸರಸ್ವತಮ್ಮ, "ಅದೇನೋ ಅಂಥಾ ಕೆಲಸ? ಕುದುರೆ ಇಲ್ಲದ ಆಫೀಸಲ್ಲಿ ಕುದುರೆ ಡಾಕ್ಟರಿಗೆ?" ಎಂದು ಕೇಳಿದರೆ, "ಫೈಲ್ ಕ್ಲಿಯರ್ ಮಾಡ್ತಿದೀನಮ್ಮ," ಎನ್ನುತ್ತಿದ್ದ. ಬೇಕೆಂದೇ ಒಂದೆರಡು ಸುಳಿಯನ್ನು ತಪ್ಪಾಗಿ ಹಾಕುತ್ತಿದ್ದ. ಅವಳು ಬೇಕೆಂದೇ ಗಂಭೀರವಾಗಿ ತಿದ್ದುತ್ತಿದ್ದಳು. ಇದು ಪ್ರೀತಿ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಕೆಳಗಿನ ಫಾಲ್ಸ್ ಅಂಗಡಿಯ ಗೌರಮ್ಮನಿಗೆ. ಮೆಟ್ಟಿಲ ಸದ್ದಿನಲ್ಲೇ ಆಕೆಗೆ ಅರ್ಥವಾಗುತ್ತಿತ್ತಂತೆ.

ಹೀಗಿರುವಾಗ ಒಂದು ಸಂಜೆ ಸೇತುರಾಮಯ್ಯನವರು ತಮ್ಮ ಹಳೆಯ ಛತ್ರಿ ಕೊಂಡೊಯ್ಯಲು ಬಂದರು. ಚಿರಂತ್ ಒಳಕೋಣೆಯಲ್ಲಿದ್ದ. ಹೊರಗೆ ಅವರು ದನಿ ತಗ್ಗಿಸಿ, ಅಂದರೆ ಬೀದಿಗೆ ಕೇಳುವಷ್ಟು ತಗ್ಗಿಸಿ, "ಹೇಗಮ್ಮ ನಮ್ಮ ಹೊಸ ಸೆಕ್ರೆಟರಿ?" ಎಂದರು.

ಚಿರಂತ್ ಬಾಗಿಲಿಗೆ ಕಿವಿಗೊಟ್ಟ.

"ಅಡ್ಡಿಯಿಲ್ರಿ," ಎಂದಳು ಅನ್ನಪೂರ್ಣ.

ಅಷ್ಟೇ! ಅವನ ಮುಖ ಇಂಗು ತಿಂದ ಮಂಗನಂತಾಯಿತು. ಅಡ್ಡಿಯಿಲ್ಲ ಎಂದರೇನು? ಮನೆ ಕಟ್ಟುವಾಗ ಪಕ್ಕದ ಸೈಟಿನವರು ಬರೆದುಕೊಡುವ ಮಾತು. ಕಟ್ಟಿಕೋ, ನಮ್ಮದೇನೂ ತಕರಾರಿಲ್ಲ. ಇಷ್ಟು ದಿನದ ಆ ಗುಳಿ, ಆ ಕಣ್ಣು, ಆ ತಿದ್ದುವಿಕೆ, ಎಲ್ಲದರ ಮೊತ್ತ ಒಂದು ಎನ್‌ಒಸಿ! ಅವನಿಗೆ ನಿಜವಾಗಿಯೂ ದುಃಖವಾಯಿತು. ಅಂದು ಅವಳಿಗೆ ಹೇಳದೆಯೇ ಮನೆಗೆ ಹೋದ.

ಗಾಯದ ಮೇಲೆ ಬರೆ ಎಂಬಂತೆ, ಮರುವಾರವೇ ಹಂಸಾ ಮೇಡಂ ಒಂದು ಠರಾವಿನ ಕರಡು ತಂದು ಮೇಜಿನ ಮೇಲಿಟ್ಟರು. ಹುಳಿಮಾವಿನಲ್ಲಿ ಕುದುರೆ ಸವಾರಿ ಶಾಲೆ ನಡೆಸುವ ಆಕೆಗೆ ನಡಿಗೆಯೇ ಗೊತ್ತಿಲ್ಲ, ಎಲ್ಲದಕ್ಕೂ ನಾಗಾಲೋಟ.

"ನೋಡಿ ಚಿರಂತ್, ತಳಿ ಪುಸ್ತಕ ಇಲ್ಲಿಟ್ಕೊಂಡು ಏನ್ ಮಾಡ್ತೀವಿ? ಇಂಡಿಗೇ ಶಿಫ್ಟ್ ಮಾಡೋಣ. ಅಲ್ಲೇ ಆಫೀಸು, ಅಲ್ಲೇ ಫುಲ್‌ಟೈಮ್ ರಿಜಿಸ್ಟ್ರಾರ್. ಅನ್ನಪೂರ್ಣಗಿಂತ ಬೆಸ್ಟ್ ಯಾರಿದಾರೆ? ಜನರಲ್ ಬಾಡಿ ಮೀಟಿಂಗಿಗೆ ಹದಿನೈದು ದಿನ ಮುಂಚೆ ನೋಟಿಸ್ ಹೋಗ್ಬೇಕು. ನೀವೇ ಪೋಸ್ಟ್ ಮಾಡಿ."

ಆ ಕರಡು ಮೂರು ದಿನ ಚಿರಂತನ ಬ್ಯಾಗಿನಲ್ಲೇ ಇತ್ತು. ಮರೆತೆ ಎಂದರೆ ಸಾಕು, ಮಾತು ಮುಂದಿನ ವರ್ಷದ ಸಭೆಗೆ ಹೋಗುತ್ತಿತ್ತು. ಇನ್ನೊಂದು ವರ್ಷ ಅವಳು ಇಲ್ಲೇ, ಈ ಮೇಜಿನಲ್ಲೇ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನುಷ್ಯನ ಮನಸ್ಸು, ಆಸೆಯಾಗದೆ ಇರುತ್ತದೆಯೇ?

ಮೂರನೇ ದಿನ ಇಂಡಿಯ ನೀಲಕಂಠಪ್ಪ ಬಂದರು. ಎಪ್ಪತ್ತು ದಾಟಿದ ಅಜ್ಜ, ಐವತ್ತು ವರ್ಷದಿಂದ ಕುದುರೆ ಸಾಕಿದವರು. ಒಂದು ಮರಿಯ ಹೆಸರು ಬರೆಸಲು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದರು. ಫಾರಂನಲ್ಲಿ ಅಲ್ಲಿನ ಡಾಕ್ಟರ ಒಂದು ಸಹಿ ತಪ್ಪಿತ್ತು. "ಅಡ್ಡಿಯಿಲ್ಲ, ಮತ್ತ ಬರ್ತೇನಿ," ಎಂದು ಮಂಡಿ ಹಿಡಿದು ಮೆಟ್ಟಿಲಿಳಿದರು. ಆ ಬೆನ್ನನ್ನೇ ನೋಡುತ್ತ ನಿಂತ ಚಿರಂತನಿಗೆ ತನ್ನ ಮೇಲೆ ನಾಚಿಕೆಯಾಯಿತು.

"ಅನ್ನಪೂರ್ಣ ಅವರೇ," ಎಂದ. "ಆಫೀಸು ಇಂಡಿಗೆ ಹೋಗುತ್ತೆ. ನೀವೇ ರಿಜಿಸ್ಟ್ರಾರ್."

ಅವಳ ಮುಖ ದೀಪ ಹಚ್ಚಿದಂತಾಯಿತು. ಊರು, ನದಿ, ಕುದುರೆಗಳು, ಎಲ್ಲ ಒಮ್ಮೆಗೇ ಕಣ್ಣಿಗೆ ಬಂದಿರಬೇಕು. ಆಮೇಲೆ ಮೆಲ್ಲಗೆ ಕೇಳಿದಳು, "ನಿಮಗ ಹೆಂಗ ಅನಸ್ತೈತ್ರಿ?"

"ಸಂಘಕ್ಕೆ ಒಳ್ಳೇದು."

"ಸಂಘದ್ದಲ್ರಿ. ನಿಮಗ ಅಂದೆ."

ಎದೆಯಲ್ಲಿದ್ದದ್ದು ಗಂಟಲವರೆಗೆ ಬಂತು. ಆದರೆ ಆ ಎನ್‌ಒಸಿ ನೆನಪಾಗಿ ಅಲ್ಲಿಯೇ ನಿಂತಿತು. "ನನ್ನದೇನಿದೆ," ಎಂದ, ಮೂರ್ಖ.

ಅವಳು ಪೆನ್ನಿಗೆ ಕ್ಯಾಪು ಹಾಕಿದಳು. "ಖರೇ ಐತಿ ಬಿಡ್ರಿ," ಎಂದು ಬೀರುವಿನ ಕಡೆ ತಿರುಗಿದಳು. ಅವನು ನೋಟಿಸನ್ನು ಅಂದೇ ಪೋಸ್ಟ್ ಮಾಡಿದ. ಮನೆಗೆ ಹೋಗಿ ಊಟ ಬೇಡವೆಂದು ಮಲಗಿದ.

ಮಹಾಸಭೆ ಭಾನುವಾರ ಬೆಳಿಗ್ಗೆ, ಹಂಸಾ ಮೇಡಂ ಅವರ ಸವಾರಿ ಶಾಲೆಯಲ್ಲಿ. ಶಾಮಿಯಾನ, ಉಪ್ಪಿಟ್ಟು, ಕೇಸರಿಬಾತು, ಸುಮಾರು ನಲವತ್ತು ಜನ. ಅನ್ನಪೂರ್ಣ ನೇರಳೆ ಬಣ್ಣದ ಇಳಕಲ್ ಸೀರೆ ಉಟ್ಟಿದ್ದಳು. ಕಾರ್ಯದರ್ಶಿಗಳು ಅತ್ತ ನೋಡಬಾರದೆಂದು ಶಪಥ ಮಾಡಿ, ಏಳು ಸಲ ನೋಡಿದರು.

ಸಭೆಗೆ ಮೊದಲು ಮೇಡಂ ತಮ್ಮಲ್ಲಿ ಹುಟ್ಟಿದ ಭೀಮಾತೀರದ ಮರಿಯೊಂದನ್ನು ತಾಯಿಯ ಜೊತೆ ಹೊರಗೆ ತರಿಸಿದರು. ನಾಲ್ಕು ತಿಂಗಳ ಹೆಣ್ಣುಮರಿ. ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವ ಹೆಜ್ಜೆ. ನೀಲಕಂಠಪ್ಪ ಅದರ ಕತ್ತು ಸವರಿದರು, ಹಣೆಯ ಸುಳಿ ಮುಟ್ಟಿದರು, ಕಾಲಿನ ಗಂಟುಗಳನ್ನು ಒಂದೊಂದಾಗಿ ಒತ್ತಿದರು. ಅಜ್ಜನ ಕಣ್ಣಲ್ಲಿ ನೀರು ತುಂಬಿತು.

"ಅಡ್ಡಿಯಿಲ್ಲ," ಎಂದರು.

ಚಿರಂತನಿಗೆ ರೇಗಿತು. ಆ ಶಬ್ದ ಕೇಳಿದರೇ ಮೈ ಉರಿಯುವಂತಾಗಿತ್ತಲ್ಲ! "ಏನಜ್ಜಾ ಇದು? ಇಷ್ಟು ಸಖತ್ತಾಗಿರೋ ಮರಿ, ಬರೀ ಅಡ್ಡಿಯಿಲ್ಲ ಅಂತೀರಲ್ಲ!"

"ಮತ್ತೇನನ್ಬೇಕೋ ತಮ್ಮಾ?" ಅಜ್ಜ ಅವನನ್ನು ವಿಚಿತ್ರವಾಗಿ ನೋಡಿದರು. "ಜೀವಕ್ಕ ಹತ್ತಿದ್ದನ್ನ ಯಾರರ ಬಾಯ್ತುಂಬ ಹೊಗಳ್ತಾರೇನು? ದೃಷ್ಟಿ ಆಕ್ಕೈತಿ. ಸುಮಾರಿದ್ರ ಚಲೋ ಐತಿ ಅಂತೇವಿ. ಭಾಳ ಚಲೋ ಇದ್ರ ಬಾಯಿ ಮುಚ್ಚಿ ಅಡ್ಡಿಯಿಲ್ಲ ಅಂತೇವಿ. ನಮ್ಮ ಕುದುರಿ ಮಂದಿ ಮಾತು ಅದು."

"ಆದ್ರೆ ಅವತ್ತು ಫಾರಂ ವಾಪಸ್ ಕೊಟ್ಟಾಗಲೂ ಅಡ್ಡಿಯಿಲ್ಲ ಅಂದ್ರಲ್ಲ?"

"ಅದು ಫಾರಮ್ಮಿಗಂದ ಅಡ್ಡಿಯಿಲ್ಲ. ಇದು ಜೀವಕ್ಕಂದ ಅಡ್ಡಿಯಿಲ್ಲ. ಮಾರಿ ನೋಡಿ ತಿಳ್ಕೋಬೇಕಪಾ." ಅಜ್ಜ ಕಣ್ಣೊರೆಸಿಕೊಂಡು ನಕ್ಕರು. "ನಮ್ಮ ಮನಿಯಾಕಿಗೆ ನಾ ಹಂಗಂದಿದ್ದು ಒಂದ ಸಲ, ಹೆಣ್ಣು ನೋಡಾಕ ಹೋದಾಗ."

ಮುಖ ನೋಡಿ ತಿಳಿಯಬೇಕಂತೆ! ಅಂದು ಅವನು ಒಳಕೋಣೆಯಲ್ಲಿದ್ದ, ಮುಖ ಎಲ್ಲಿ ಕಂಡಿತ್ತು? ಚಿರಂತ್ ಶಾಮಿಯಾನದ ಕಡೆ ಓಡಿಹೋಗಿ ಅವಳ ಹತ್ತಿರ ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಹಂಸಾ ಮೇಡಂ ಗಂಟೆ ಬಾರಿಸಿದರು. "ಸೆಕ್ರೆಟರಿ, ಠರಾವು ಓದಿ. ಬೇಗ."

ಅವನು ಓದಿದ. ತಳಿ ಪುಸ್ತಕವನ್ನು ಇಂಡಿಗೆ ವರ್ಗಾಯಿಸುವುದು, ಕುಮಾರಿ ಅನ್ನಪೂರ್ಣ ಅವರನ್ನು ರಿಜಿಸ್ಟ್ರಾರ್ ಆಗಿ ನೇಮಿಸುವುದು. ಓದುತ್ತಾ ಓದುತ್ತಾ ಎರಡು ಸಲ ಸಾಲು ತಪ್ಪಿದ.

"ಯಾರಿಗಾದ್ರೂ ಆಕ್ಷೇಪಣೆ ಇದೆಯಾ?" ಎಂದರು ಮೇಡಂ, ಇಲ್ಲವೆಂದೇ ತಿಳಿದು, ಮುಂದಿನ ಹಾಳೆ ತಿರುವುತ್ತ.

"ನಂದೊಂದೈತ್ರಿ."

ಅನ್ನಪೂರ್ಣ ಎದ್ದು ನಿಂತಿದ್ದಳು. ಮುಖ ಕೆಂಪೇರಿತ್ತು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಆದರೆ ದನಿ ನಡುಗಲಿಲ್ಲ.

"ನಿಮ್ಮದಾ?" ಮೇಡಂ ಕನ್ನಡಕ ತೆಗೆದರು. "ನಿಮಗೇ ಪೋಸ್ಟ್ ಕೊಡ್ತಿದೀವಲ್ರೀ!"

"ಪೋಸ್ಟ್ ಬೇಕ್ರಿ. ಇಂಡಿಗೂ ಹೋಗ್ತೇನಿ. ಆದ್ರ ರಿಜಿಸ್ಟ್ರಾರ್ ಅಲ್ಲಿ, ಸೆಕ್ರೆಟರಿ ಪದ್ಮನಾಭನಗರದಾಗ. ನಡುವ ಐನೂರು ಕಿಲೋಮೀಟರ್. ಅದು ಒಗ್ಗಂಗಿಲ್ರಿ."

"ಯಾರಿಗೆ ಒಗ್ಗಲ್ಲ? ಸಂಘಕ್ಕಾ?"

ಅವಳು ಒಂದು ಕ್ಷಣ ನೆಲ ನೋಡಿದಳು. ಆಮೇಲೆ ನೇರವಾಗಿ, ನಲವತ್ತು ಜನರ ತಲೆಗಳ ಮೇಲಿಂದ, ಚಿರಂತನ ಕಣ್ಣಿಗೇ ನೋಡಿ ಹೇಳಿದಳು.

"ನನಗ್ರಿ."

ಸೇತುರಾಮಯ್ಯನವರು ಕೇಸರಿಬಾತಿನ ತಟ್ಟೆ ಕೆಳಗಿಟ್ಟರು. ಚಿರಂತನಿಗೆ ಸಂತೋಷದಲ್ಲಿ ಎಲ್ಲಿ ನಿಂತಿದ್ದೇನೆಂದೇ ಮರೆತುಹೋಯಿತು. ಮೈಕನ್ನು ತಲೆಕೆಳಗಾಗಿ ಹಿಡಿದು ಕೂಗಿದ.

"ಮೇಡಂ! ಒಂದು ತಿದ್ದುಪಡಿ! ಕಾರ್ಯದರ್ಶಿಯೂ ಇಂಡಿಗೆ ಹೋಗತಕ್ಕದ್ದು!"

"ಏನಯ್ಯಾ, ನಿನ್ನ ಪ್ರಾಕ್ಟೀಸು?" ಎಂದರು ಸೇತುರಾಮಯ್ಯ.

"ಸಾರ್, ನಾನು ಕುದುರೆ ಡಾಕ್ಟ್ರು. ಕುದುರೆ ಇರೋದೇ ಅಲ್ಲಿ. ಇಷ್ಟು ವರ್ಷ ಇಲ್ಲಿ ಯಾಕಿದ್ದೆ ಅಂತ ಈಗ ಯೋಚನೆ ಆಗ್ತಿದೆ!"

ಹಂಸಾ ಮೇಡಂ ನಗು ನುಂಗಿಕೊಂಡು ಗಂಟೆ ಬಾರಿಸಿದರು. "ತಿದ್ದುಪಡಿ ಸೂಚಿಸಿದವರು ಚಿರಂತ್. ಅನುಮೋದಿಸೋರು ಯಾರು?"

ನೀಲಕಂಠಪ್ಪನವರ ಕೋಲು ಮೇಲೆದ್ದಿತು. ಚಪ್ಪಾಳೆ ಎಷ್ಟು ಜೋರಾಯಿತೆಂದರೆ ಮರಿ ಬೆದರಿ ತಾಯಿಯ ಹಿಂದೆ ಓಡಿತು.

ಸಭೆ ಮುಗಿದ ಮೇಲೆ ಇಬ್ಬರೂ ಲಾಯದ ಪಕ್ಕದ ಕಟ್ಟೆಯ ಮೇಲೆ ಕೂತರು.

"ಅವತ್ತೇ ಹೇಳಿದ್ರ ಆಗ್ತಿರಲಿಲ್ಲೇನು?" ಎಂದಳು ಅನ್ನಪೂರ್ಣ. "ನನ್ನದೇನಿದೆ ಅಂದ್ರಿ. ಮನಿಗೆ ಹೋಗಿ ಅತ್ತೀನ್ರಿ ನಾನು."

"ನಾನು ದಡ್ಡ. ನೀವು ಇಲ್ದೆ ನನಗೆ ಆಗಲ್ಲ ಅನ್ನಪೂರ್ಣ. ಇಷ್ಟೇ ಹೇಳ್ಬೇಕಿತ್ತು."

ಅವಳು ಅವನ ತೋಳಿಗೆ ಹತ್ತಿದ್ದ ಹುಲ್ಲಿನ ಎಳೆ ತೆಗೆದಳು. ಎಳೆ ಬಿದ್ದ ಮೇಲೂ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಹಾಳು ಫೋನು ಹೊಡೆದುಕೊಂಡಿತು. ಸರಸ್ವತಮ್ಮ. ಸೇತುರಾಮಯ್ಯನವರ ಬಾಯಿ ಆಗಲೇ ಪದ್ಮನಾಭನಗರ ತಲುಪಿತ್ತು.

"ಅದೇನೋ ಎಲ್ಲಿಗೋ ಹೋಗ್ತೀಯಂತಲ್ಲೋ ನೀನು? ಇಂಡಿಯಾ ಅಂದ್ರು. ಈಗೇನು ಫಾರಿನ್ನಲ್ಲಿದೀಯಾ?" ದನಿ ಅನ್ನಪೂರ್ಣಳಿಗೂ ಕೇಳುವಷ್ಟಿತ್ತು.

"ಇಂಡಿಯಾ ಅಲ್ಲಮ್ಮ, ಇಂಡಿ. ಬಿಜಾಪುರದ ಹತ್ರ."

"ಅಯ್ಯೋ ಶಿವನೇ! ಅಷ್ಟು ದೂರ! ನೆಂಟರಿಲ್ಲ, ಇಷ್ಟರಿಲ್ಲ. ಅಲ್ಲಿ ನಿನಗೆ ಅಂತ ಯಾರಿದಾರೋ?"

ಚಿರಂತ್ ಬಾಯಿ ತೆರೆಯುವಷ್ಟರಲ್ಲಿ ಅನ್ನಪೂರ್ಣ ಅವನ ಕೈಯಿಂದ ಫೋನು ತೆಗೆದುಕೊಂಡಳು, ಸೆರಗು ಸರಿಮಾಡಿಕೊಂಡಳು, ಎದುರಿಗೇ ನಿಂತವರಿಗೆ ಹೇಳುವಂತೆ ಹೇಳಿದಳು.

"ನಾ ಅದೀನ್ರೀ, ಅತ್ತೀ."

ಚಿರಂತ್ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು, ಅದರ ಹಿಂದೆಯೇ ಸರಸ್ವತಮ್ಮನ ಮೆದುವಾದ ದನಿ ಬಂತು.

"ಊಟ ಆಯ್ತೇನಮ್ಮ? ಆಗಿಲ್ದಿದ್ರೆ ಅವನ ಜೊತೆ ಮನೆಗೆ ಬಾ. ಹುಳಿ ಕುದೀತಿದೆ."