ಚೀಲದೊಳಗಿನ ಸಾಕ್ಷಿ

"ಏನಿದು? ಇಷ್ಟೊಂದು ಕಾಂಡೋಮ್ ಯಾಕ ಬೇಕು ನಿನಗ?"

ಅಂಕಲಗಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಪೊಲೀಸಪ್ಪ ಸುಮನಳ ಚೀಲವನ್ನು ಬೋರಲು ಹಾಕಿದ್ದ. ಪಾಕೀಟುಗಳೆಲ್ಲ ಚೆಲ್ಲಾಪಿಲ್ಲಿ! ಸುತ್ತ ಜನ. ಏಡ್ಸ್ ತಡೆಯುವ ಸಂಸ್ಥೆಯೊಂದರ ಕಾರ್ಯಕರ್ತೆ ಅವಳು. ಗುರುತಿನ ಕಾರ್ಡು ಓಡ್ನಿಯ ಕೆಳಗೆ ಕೊರಳಲ್ಲೇ ಇತ್ತು. ಗಾಬರಿಯಲ್ಲಿ ಅದು ಕೈಗೆ ಸಿಗಲೊಲ್ಲದು...

"ಅವು ನನ್ನವು ರಿ ಸಾಹೇಬ್ರ! ಮೇಡಂ ಚೀಲದಾಗ ನಾನ ಇಟ್ಟಿದ್ನಿ."

ತನ್ನ ಆಟೋ ಇಳಿದು ಓಡಿ ಬಂದವನು ಚಾಲಕ ದುರ್ಗೇಶ. ವರ್ಷದಿಂದ ಅವಳನ್ನು ನೋಡುತ್ತಿದ್ದ, ಮಾತಾಡುವ ಧೈರ್ಯವಿರಲಿಲ್ಲ. ಅದು ಬಂದದ್ದೂ ತಪ್ಪು ಗಳಿಗೆಯಲ್ಲೇ! ಅವನ ಕಪಾಳಕ್ಕೊಂದು ಬಿತ್ತು. ಪಾಕೀಟುಗಳು ಚೀಲ ಸಮೇತ ಠಾಣೆ ಸೇರಿದವು.

ಸುಮನಳಿಗೆ ಎದೆ ತುಂಬಿ ಬಂತು. ಹಿಂದೆಯೇ ಸಿಟ್ಟೂ ಬಂತು.

"ಸುಳ್ಳ ಯಾಕ ಹೇಳಿದ್ರಿ? ನನ್ನ ಕಡೆ ಕಾರ್ಡ್ ಇತ್ತು. ಅವು ರೋಗ ತಡಿಯಾಕ ಸರ್ಕಾರ ಕೊಟ್ಟಾವು. ಇಟ್ಕೊಳ್ಳೂದು ಗುನ್ಹೆ ಅಲ್ಲ. ನೀವ ಗುನ್ಹೆ ಮಾಡಿ ತೋರ್ಸಿದ್ರಿ!"

"ನಿಮ್ಮ ಮರ್ಯಾದಿ ಉಳಿಸಾಕ..."

"ನನ್ನ ಮರ್ಯಾದಿ ಇರ್ಲಿ, ಅಲ್ಲಿ ನಿಂತ ಕಾಡವ್ವನ ಜೀವ ನೋಡ್ರಿ! ಹೆದರಿ ಇನ್ನ ಇವನ್ನ ಮುಟ್ಟೂದಿಲ್ಲ ಅಕಿ."

ದಂಧೆ ಮಾಡಿ ಹೊಟ್ಟೆ ಹೊರೆಯುವ ಕಾಡವ್ವ ಕಂಬದ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಮರುದಿನ ಸುಮನ ಹೊಸ ಪಾಕೀಟು ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡಳು.

"ಬ್ಯಾಡವಾ. ಗಂಡಸಿಗ ಬಿಟ್ಟಿಲ್ಲ, ನನಗ ಬಿಡ್ತಾರೇನ? ನನ್ನ ಕಡೆ ಸಿಕ್ಕರ ಅದನ್ನ ಸಾಕ್ಷಿ ಮಾಡ್ತಾರ."

ಎಂಟು ದಿನ! ಎಂಟು ದಿನ ಕಾಡವ್ವ ಬರಿಗೈಯಲ್ಲೇ ದಂಧೆಗೆ ಹೋದಳು. ದಿನವೂ ಪಾಕೀಟು ಒಯ್ದ ಸುಮನ ಹಾಗೇ ಮರಳಿ ತಂದಳು. 'ಅವಳಿಗೇನಾದರೂ ಆದರೆ? ಅವನನ್ನು ಹೇಗೆ ಕ್ಷಮಿಸಲಿ? ಅವನನ್ನು ನೆನೆಯುವ ನನ್ನ ಮನಸ್ಸನ್ನಾದರೂ ಹೇಗೆ ಕ್ಷಮಿಸಲಿ?'

ಒಂಬತ್ತನೆಯ ದಿನ ಆಟೋ ಅವಳ ಮುಂದೆ ಬಂದು ನಿಂತಿತು.

"ಹತ್ರಿ. ಠಾಣೆಗೆ ಹೋಗೂಣು."

ಹಿಂದಿನ ಸೀಟಿನಲ್ಲಿ ತಲೆ ತುಂಬ ಸೆರಗು ಹೊದ್ದು ಕಾಡವ್ವ ಕೂತಿದ್ದಳು! "ತನ್ನ ಕಣ್ಣಿಂದನ ನೋಡ್ಲಿ ಅಂತ ಕೈಕಾಲು ಬಿದ್ದು ಕರ್ಕೊಂಡು ಬಂದೇನಿ," ಎಂದ ದುರ್ಗೇಶ.

ಠಾಣೆಯಲ್ಲಿ ಅವನು ನೇರ ದೊಡ್ಡ ಸಾಹೇಬರ ಮುಂದೆ ಹೋಗಿ ನಿಂತ.

"ಸಾಹೇಬ್ರ, ಅವತ್ತ ನಾ ಸುಳ್ಳ ಹೇಳಿದ್ನಿ. ಅವು ಇವರ ಕೆಲಸದ ಸಾಮಾನು. ನಾಚೂವಂಥಾದ್ದು ಏನೂ ಇರಲಿಲ್ಲ. ವಾಪಸ್ ಕೊಡ್ರಿ."

ದೊಡ್ಡ ಸಾಹೇಬರು ಸುಮನಳ ಕಾರ್ಡು ನೋಡಿದರು, ಆಮೇಲೆ ಪೊಲೀಸಪ್ಪನ ಮುಖ ನೋಡಿದರು. ಚೀಲ ಮರಳಿ ಬಂತು. ಮೆಟ್ಟಿಲಿಳಿಯುವಾಗ ಕಾಡವ್ವ ತಾನಾಗಿಯೇ ಕೈ ಚಾಚಿದಳು.

ಆದರೆ ಆ ಎಂಟು ದಿನ? ರೋಗ ತಗುಲಿದೆಯೋ ಇಲ್ಲವೋ, ರಕ್ತ ಪರೀಕ್ಷೆಯ ಖಚಿತ ಉತ್ತರಕ್ಕೆ ಮೂರು ತಿಂಗಳು ಕಾಯಬೇಕಿತ್ತು.

"ನಿಮ್ಮನ್ನ ಲಗ್ನ ಆಗಬೇಕಂತ ಆಸೆ ಐತ್ರಿ..." ದುರ್ಗೇಶ ಕೊನೆಗೂ ಬಾಯಿಬಿಟ್ಟ.

"ಕಾಡವ್ವನ ರಿಪೋರ್ಟ್ ಬರೂತನಕ ಆ ಮಾತ ಬ್ಯಾಡ್ರಿ," ಎಂದಳು ಸುಮನ. ಮನಸ್ಸು ಮಾತ್ರ ಎಂದೋ ಹೂಂ ಅಂದಿತ್ತು!

ಕಾಡವ್ವ ಕೆಮ್ಮಿದರೂ ಸಾಕು, ಇಬ್ಬರ ಜೀವ ಬಾಯಿಗೆ ಬರುತ್ತಿತ್ತು. ಹಾಗೇ ಮೂರು ತಿಂಗಳು ಕಳೆದವು.

ಇವತ್ತು ಗೋಕಾಕದ ಆಸ್ಪತ್ರೆಯಿಂದ ಕಾಡವ್ವ ಹೊರಬಂದಳು. ಕಣ್ತುಂಬ ನೀರು! ಸುಮನ ಅವಳತ್ತ ಓಡಿದಳು.

"ಏನೂ ಇಲ್ಲಂತವಾ... ಏನೂ ಇಲ್ಲಂತ!"

ಸುಮನ ಅಳುತ್ತಲೇ ಆಟೋದ ಬಳಿ ಹೋಗಿ ಚೀಲವನ್ನು ದುರ್ಗೇಶನ ತೊಡೆಯ ಮೇಲಿಟ್ಟಳು.

"ಇದು ಯಾರದ್ರಿ?"

ಅವನು ಕಣ್ಣೊರೆಸಿಕೊಂಡ. "ನಿಮ್ಮದ್ರಿ. ಈ ಸಲ ಖರೇನ ಹೇಳಾಕತ್ತೇನಿ."

"ಮತ್ತ... ನೀವು?"

"ನಾನೂ ನಿಮ್ಮವನ ರಿ."